ಬಾಜೂ ಮನೆಯ ಉಪ್ಪು

ನಮ್ಮ ಊರಿನಲ್ಲಿ ಯಾರ ಅಡಿಗೆಗೂ ಅವರೇ ಹಾಕಿಕೊಂಡ ಉಪ್ಪು ಹತ್ತುವುದಿಲ್ಲ. ಸೇರುಗಟ್ಟಲೆ ಸುರಿದರೂ ಸಾರು ಸಪ್ಪೆಯೇ. ಗೋಡೆ ಹಂಚಿಕೊಂಡ ಪಕ್ಕದ ಮನೆಯವರು ತಮ್ಮ ಉಪ್ಪು ತಂದು ತಮ್ಮ ಕೈಯಾರೆ ಹಾಕಬೇಕು, ಆಗಲೇ ರುಚಿ. ಎದುರು ಮನೆಯವರು ಹಾಕಿದರೆ ನಡೆಯುವುದಿಲ್ಲ. ಹಿಂದಿನ ಓಣಿಯಿಂದ ಒಡಹುಟ್ಟಿದ ತಂಗಿ ಬಂದು ಹಾಕಿದರೂ ನಡೆಯುವುದಿಲ್ಲ. ಯಾಕೆ ಹೀಗೆ ಎಂದು ಕೇಳುವವರು ಪರ ಊರಿನವರು. ನಮಗೆ ಅದನ್ನು ಕೇಳಲು ಪುರುಸೊತ್ತಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಪಕ್ಕದವರನ್ನು ಕೂಗಬೇಕು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಉಳಿದ ಊರುಗಳಲ್ಲಿ ಒಂದೇ ಉಸಿರಿಗೆ ಹೇಳುತ್ತಾರಂತೆ. ನಮ್ಮಲ್ಲಿ ತಾಯಿ ಒಂದು ಮನೆಯಲ್ಲಿ, ಉಪ್ಪು ಇನ್ನೊಂದು ಮನೆಯಲ್ಲಿ. ಹೀಗಾಗಿ ನಮ್ಮೂರಿನ ಜಗಳಗಳಿಗೆ ಆಯುಷ್ಯ ಕಡಿಮೆ. ಬೆಳಿಗ್ಗೆ ನಳದ ಹತ್ತಿರ ಜುಟ್ಟು ಜುಟ್ಟು ಹಿಡಿದುಕೊಂಡವರು ಊಟದ ಹೊತ್ತಿಗೆ ಮುಖ ಊದಿಸಿಕೊಂಡೇ ಒಬ್ಬರ ಮನೆಗೆ ಒಬ್ಬರು ಹೋಗಿ ಉಪ್ಪು ಹಾಕಿ ಬರುತ್ತಾರೆ. ಮಾತಾಡುವುದಿಲ್ಲ, ಆದರೆ ಹಾಕುತ್ತಾರೆ. ಖಾನಾವಳಿಯ ಶಿವಪುತ್ರಪ್ಪ ತನ್ನ ಝುಣಕದ ಹೆಸರು ಸುತ್ತಲಿನ ಊರಿಗೆಲ್ಲ ಹಬ್ಬಿದೆ ಎಂದು ಮೀಸೆ ತಿರುವುತ್ತಾನೆ. ಆ ಹೆಸರೆಲ್ಲ ಪಕ್ಕದ ಕ್ಷೌರದಂಗಡಿಯವನ ಕೈಯದು ಎಂಬುದು ಯಾರಿಗೆ ಗೊತ್ತಿಲ್ಲ? ವರ್ಗವಾಗಿ ಬಂದ ನೌಕರರು ಬಾಡಿಗೆ ಮನೆ ಹುಡುಕುವಾಗ ಮನೆಯನ್ನು ಆಮೇಲೆ ನೋಡುತ್ತಾರೆ, ಮೊದಲು ಪಕ್ಕದ ಮನೆಯವರ ಮುಖ ನೋಡುತ್ತಾರೆ.

ಇದಕ್ಕೆಲ್ಲ ಇರುವುದು ಒಂದೇ ಕಟ್ಟುಪಾಡು. ಉಪ್ಪು ಹಾಕುವವರಿಗೆ ಹೆಚ್ಚು ಹಾಕು, ಕಡಿಮೆ ಹಾಕು ಎಂದು ಮನೆಯವರು ಹೇಳುವಂತಿಲ್ಲ. ಹಾಕುವ ಕೈಯನ್ನು ತಡೆದರೆ ಆ ಕೈ ಮತ್ತೆ ಅವರ ಹೊಸ್ತಿಲು ದಾಟಬೇಕಾಗಿಲ್ಲ. ಅವರು ಸಪ್ಪೆ ಉಂಡುಕೊಂಡಿರಬಹುದು.

ನಾನು ಹೊಲಿಗೆಯವಳು. ಪಡಸಾಲೆಯಲ್ಲಿ ಓಣಿಗೆ ಮುಖ ಮಾಡಿ ಮಷಿನ್ ಇಟ್ಟುಕೊಂಡಿದ್ದೇನೆ. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಓಣಿಯ ಮೇಲೆ. ಪ್ರೇಮಕ್ಕನ ಕಣ್ಣು ತಪ್ಪಿಸಿ ಬೆಕ್ಕು ಸಹ ಹಾಲು ಕುಡಿಯಲಾರದು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಎದುರಿಗೆ ಓಣಿಯ ಕೊನೆಯ ಎರಡು ಮನೆಗಳಿವೆ. ಒಂದರಲ್ಲಿ ಇಂದ್ರವ್ವ, ಅವಳ ಮಗಳು ಕಸ್ತೂರಿ. ಇನ್ನೊಂದರಲ್ಲಿ ಗಿರಣಿ ಸಂಕಣ್ಣ, ಅವನ ಹೆಂಡತಿ ದ್ಯಾಮವ್ವ. ಸಂಕಣ್ಣನ ಮನೆಯಾಚೆ ಹಳ್ಳ. ಅಂದರೆ ಅವನ ಸಾರಿಗೆ ಉಪ್ಪು ಬರಬೇಕಾದರೆ ಇಂದ್ರವ್ವನ ಮನೆಯಿಂದಲೇ ಬರಬೇಕು, ಬೇರೆ ದಾರಿಯಿಲ್ಲ.

ಸಂಕಣ್ಣ ಆಯುಷ್ಯವನ್ನೆಲ್ಲ ಹಿಟ್ಟಿನ ಗಿರಣಿಯ ಬೆಲ್ಟಿನ ಪಕ್ಕ ಕಳೆದವನು. ಆ ಸದ್ದಿನ ಮೇಲೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತಿದ್ದ. ದೇವರ ಮುಂದೆ ಬೇಡಿಕೊಂಡರೂ ಓಣಿಗೆಲ್ಲ ಕೇಳುತ್ತಿತ್ತು. ಅದಕ್ಕೆ ಸರಿಯಾಗಿ ದ್ಯಾಮವ್ವ ಕಣ್ಣಲ್ಲೇ ಮಾತಾಡುವವಳು. ಇಬ್ಬರಿಗೂ ಮಕ್ಕಳಿಲ್ಲ. ಊಟ ಎಂದರೆ ಸಂಕಣ್ಣನಿಗೆ ಹಬ್ಬ. ಕಸ್ತೂರಿ ಕಾಲ್ಬೆರಳ ಮೇಲೆ ನಿಂತರಷ್ಟೇ ಗಡಿಗೆಯ ಬಾಯಿ ಎಟಕುವ ವಯಸ್ಸಿನಿಂದ ಅವರ ಮನೆಗೆ ಉಪ್ಪು ಹಾಕಿದವಳು. ಊಟ ಮುಗಿಸಿ ಅಂಗಳಕ್ಕೆ ಬಂದು ಅವನು, "ಕಸ್ತೂರಿ, ಇವತ್ತಿನ ಸಾರು ಅಮೃತ ಆಗಿತ್ತ ನೋಡವಾ!" ಎಂದು ಕೂಗಿದರೆ ಕೆರೆಯ ಏರಿಯ ಮೇಲಿದ್ದವರೂ ತಲೆಯಾಡಿಸುತ್ತಿದ್ದರು. ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಪ್ರಚಾರ ಯಾವುದು ಬೇಕು?

ಯಾಕೆಂದರೆ ನಮ್ಮಲ್ಲಿ ಹೆಣ್ಣಿನ ಕೈರುಚಿ ಅವಳ ಮನೆಯಲ್ಲಿ ಸಿಗುವುದಿಲ್ಲವಲ್ಲ. ನೋಡಲು ಬಂದವರು ಹೆಣ್ಣಿನ ಮನೆಯಲ್ಲಿ ಚಹಾ ಕುಡಿದು, ಪಕ್ಕದ ಮನೆಯಲ್ಲಿ ಊಟ ಮಾಡುತ್ತಾರೆ. ಊಟಕ್ಕೆ ಕೂತವರಲ್ಲೂ ಮುಖ್ಯ ಗಂಡಿನ ತಾಯಿಯಲ್ಲ, ಗಂಡಿನ ಪಕ್ಕದ ಮನೆಯವರು. ಮದುವೆಯಾಗಿ ಬಂದವಳು ನಾಳೆ ಉಪ್ಪು ಹಾಕುವುದು ಅವರ ಸಾರಿಗೆ. ಅವರು ತಲೆಯಾಡಿಸಿದರೆ ಅಕ್ಷತೆ, ಇಲ್ಲವಾದರೆ ಎಲೆಯಡಿಕೆ ಮುಟ್ಟದೆ ಬಂದ ದಾರಿ ಹಿಡಿಯುವುದು.

ಹೀಗೆ ಚೆನ್ನಾಗಿ ನಡೆದಿದ್ದಾಗ ಸಂಕಣ್ಣನಿಗೆ ತಲೆಸುತ್ತು ಶುರುವಾಯಿತು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಮತ್ತೊಮ್ಮೆ ನೋಡಿದರು. ಅವನನ್ನು ಹೊರಗೆ ಕೂರಿಸಿ ದ್ಯಾಮವ್ವನನ್ನು ಒಳಗೆ ಕರೆದರು. ಬಿ.ಪಿ. ವಿಪರೀತ ಏರಿದೆ, ಗುಳಿಗೆ ಕೊಡುತ್ತೇನೆ, ಆದರೆ ಉಪ್ಪು ಇಳಿಸದಿದ್ದರೆ ಗುಳಿಗೆಯಿಂದಲೂ ಆಗುವುದಿಲ್ಲ, ಲಕ್ವಾ ಹೊಡೆಯಬಹುದು ಎಂದರು. ಅದನ್ನು ಗಂಡನಿಗೆ ಹೇಳುವ ಧೈರ್ಯ ದ್ಯಾಮವ್ವನಿಗೆ ಎಲ್ಲಿಂದ ಬರಬೇಕು? ಸಂಕಣ್ಣನ ಅಣ್ಣ ಲಕ್ವಾ ಹೊಡೆದು ಹಾಸಿಗೆಯಲ್ಲೇ ಹೋದವನು. ಅವನ ಬಾಯಿ ಒರೆಸಿ, ಮಗ್ಗುಲು ಬದಲಿಸಿ, ತುತ್ತು ಕೊಟ್ಟವನು ಈ ತಮ್ಮನೇ. ಅಂದಿನಿಂದ ಆ ರೋಗದ ಹೆಸರು ಕೇಳಿದರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಒಮ್ಮೆ ಮಗ್ಗುಲಾಗಿ ಮಲಗಿ ಎಡಗೈ ಜೋಮು ಹಿಡಿದದ್ದಕ್ಕೆ, ತನಗೂ ಬಂತು ಎಂದುಕೊಂಡು ಹಾಸಿಗೆ ಹಿಡಿದುಬಿಟ್ಟಿದ್ದ. ಎಬ್ಬಿಸಿ ಕೂರಿಸಲು ಓಣಿಯವರೆಲ್ಲ ಬೇಕಾಯಿತು. ಅಷ್ಟರಲ್ಲಿ ತನ್ನ ಹೊಸ ಧೋತರವನ್ನೂ ಯಾರಿಗೋ ದಾನ ಮಾಡಿದ್ದ.

ದ್ಯಾಮವ್ವ ಗುಳಿಗೆಗೆ ಶಕ್ತಿಯ ಗುಳಿಗೆ ಎಂದು ಹೆಸರಿಟ್ಟಳು. ಉಪ್ಪಿಗೆ ಏನು ಹೆಸರಿಡುವುದು? ಅದು ಅವಳ ಕೈಯಲ್ಲಿರಲಿಲ್ಲ. ಒಂದು ಮುಂಜಾನೆ ಹಿತ್ತಲ ಗೋಡೆಯ ಹತ್ತಿರ ಕಸ್ತೂರಿ ಬಟ್ಟೆ ಹಿಂಡುತ್ತಿರುವಾಗ ಅವಳು ಬಂದು ನಿಂತಳು.

"ಕಸ್ತೂರಿ, ಕೇಳಬಾರದ್ದು ಕೇಳಾಕತ್ತೀನವಾ. ಬ್ಯಾಡ ಅನಸಿದ್ರ ಕೇಳಿಸಿಲ್ಲ ಅಂತ ಹೋಗಿಬಿಡು."

"ಏನ ಕಾಕು, ಹೇಳ."

"ನಮ್ಮ ಸಾರಿಗೆ ಉಪ್ಪು ಇಳಸು. ಅವರಿಗೆ ಗೊತ್ತಾಗಬಾರದು. ನಿಮ್ಮವ್ವಗೂ ಹೇಳಬ್ಯಾಡ, ಆಕಿಗೆ ಹೇಳಿದ್ರ ಓಣಿಗೆ ಹೇಳಿಧಂಗ."

ಕಾರಣವನ್ನೂ ಹೇಳಿದಳು. ಕಸ್ತೂರಿ ಹಿಂಡಿದ ಸೀರೆಯನ್ನು ಮತ್ತೆ ಹಿಂಡುತ್ತ ನಿಂತಳಂತೆ. ಅಷ್ಟು ವಯಸ್ಸಾದ ಹೆಂಗಸು, ಊರ ಕಟ್ಟು ಮುರಿದು, ತನ್ನ ಮುಂದೆ ಸೆರಗು ಹಿಡಿದು ನಿಂತದ್ದನ್ನು ನೋಡಿ ಅವಳಿಗೆ ಬೇರೇನೂ ಹೊಳೆಯಲಿಲ್ಲ. "ಆತ ಕಾಕು, ನಾ ನೋಡ್ಕೋತೀನಿ" ಎಂದಳು. ಮಾತು ಕೊಡುವುದು ಎಷ್ಟು ಹೊತ್ತಿನ ಕೆಲಸ!

ಕಸ್ತೂರಿ ಜಾಣೆ. ಒಮ್ಮೆಲೇ ಇಳಿಸಲಿಲ್ಲ. ದಿನಕ್ಕೆ ನಾಲ್ಕು ಹರಳು ಇಳಿಸುತ್ತ ಬಂದಳು. ಸಂಕಣ್ಣ ಮೊದಲು ತನ್ನ ನಾಲಿಗೆಯನ್ನು ಬೈದುಕೊಂಡ. ಆಮೇಲೆ ಉಪ್ಪು ಮಾರುವ ಅಂಗಡಿಯವನನ್ನು ಬೈದ. ಆಮೇಲೆ ಹೆಂಡತಿಯ ಬೇಳೆಯನ್ನು, ನೀರನ್ನು, ಒಲೆಯನ್ನು ಬೈದ. ಬೈಯುವುದಕ್ಕೆ ಬೇರೆ ಏನೂ ಉಳಿಯದಿದ್ದಾಗ ಅಂಗಳಕ್ಕೆ ಬಂದು ನಿಂತ.

"ಏನ ಕಸ್ತೂರಿ, ನಿಮ್ಮನ್ಯಾಗ ಉಪ್ಪು ತೀರೇತೇನು? ಹೇಳವಾ, ನಾ ಒಂದ ಚೀಲ ಹೊತ್ತಕೊಂಡ ಬರ್ತೀನಿ!"

ಮೊದಲ ಸಲ ಓಣಿ ನಕ್ಕಿತು. ಮತ್ತೆ ಮತ್ತೆ ಕೇಳಿದ ಮೇಲೆ ನಗಲಿಲ್ಲ, ಯೋಚಿಸತೊಡಗಿತು. ಹೊಗಳಿಕೆ ಕೆರೆಯ ಏರಿಯವರೆಗೆ ಹೋದರೆ ಬೈಗುಳ ಏರಿಯನ್ನೂ ದಾಟಿ ಹೋಗುತ್ತದೆ. ನೋಡನೋಡುತ್ತಿದ್ದಂತೆ ಹುಡುಗಿಗೆ 'ಕೈಬಿಗಿ ಕಸ್ತೂರಿ' ಎಂದು ಹೆಸರು ಬಿತ್ತು. ಹೆಣ್ಣು ನೋಡಲು ಬರುತ್ತೇವೆ ಎಂದಿದ್ದ ಒಂದು ಮನೆಯವರು ಓಣಿಯ ಬಾಯಿಯವರೆಗೆ ಬಂದು, ಯಾರ ಬಾಯಲ್ಲೋ ಏನೋ ಕೇಳಿ, ಅಲ್ಲಿಂದಲೇ ತಿರುಗಿ ಹೋದರು. ಇಂದ್ರವ್ವ ಹಣೆ ಹಣೆ ಚಚ್ಚಿಕೊಂಡಳು. "ನಾಕ ಹರಳ ಉಪ್ಪಿಗೆ ನಿನ್ನ ಬಾಳೇ ಹಾಳ ಮಾಡ್ಕೊಳ್ಳಾಕತ್ತಿಯಲ್ಲೇ! ಆ ಮನಷ್ಯಾಗ ಏನ ಸಿಟ್ಟ ನಿನಗ?" ಎಂದು ಅತ್ತಳು. ತಾನೇ ಹೋಗಿ ಹಾಕುತ್ತೇನೆಂದು ಉಪ್ಪಿನ ಭರಣಿ ಹಿಡಿದು ಹೊರಟರೆ ಕಸ್ತೂರಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಉತ್ತರ ಮಾತ್ರ ಕೊಡುತ್ತಿರಲಿಲ್ಲ.

ನನಗೆ ಗೊತ್ತಾದದ್ದು ಕುಪ್ಪಸದಿಂದ. ಅಳತೆ ತೆಗೆದುಕೊಳ್ಳುವಾಗ ನೋಡುತ್ತೇನೆ, ಹಳೆಯ ಅಳತೆಗೂ ಇದಕ್ಕೂ ಹೊಂದುವುದೇ ಇಲ್ಲ. ಹುಡುಗಿ ಅಷ್ಟು ಸೊರಗಿದ್ದಳು. ಟೇಪು ಕೆಳಗಿಟ್ಟು, "ಏನಾಗೇತಿ, ಖರೆ ಹೇಳು" ಎಂದೆ. ಆಣೆ ಹಾಕಿಸಿಕೊಂಡು ಎಲ್ಲ ಹೇಳಿದಳು. ನನ್ನಂಥವಳ ಹೊಟ್ಟೆಯಲ್ಲಿ ಗುಟ್ಟು ಇಟ್ಟಳೆಂದರೆ ಅವಳಿಗೆ ಎಷ್ಟು ಭಾರವಾಗಿತ್ತೋ ಯೋಚಿಸಿ. ನನಗೆ ಸಿಟ್ಟು ಬಂತು, ದ್ಯಾಮವ್ವನ ಮೇಲೆ, ಡಾಕ್ಟರ ಮೇಲೆ, ಆ ದೊಡ್ಡ ಗಂಟಲಿನವನ ಮೇಲೆ.

"ಹೇಳಿಬಿಡ ಹುಚ್ಚಿ! ಯಾರದೋ ಬಿ.ಪಿ.ಗೆ ನಿನ್ನ ಮದವಿ ಯಾಕ ಸುಡಬೇಕು?"

"ಯಾರದೋ ಅಂದ್ರ ಹೆಂಗ ಪ್ರೇಮಕ್ಕಾ? ಸಣ್ಣಾಕಿ ಇದ್ದಾಗಿಂದ ಅವರ ಗಡಿಗ್ಯಾಗ ಕೈ ಇಟ್ಟೀನಿ." ಆಮೇಲೆ ಸ್ವಲ್ಪ ನಕ್ಕಳು. "ಬೈಲಿ ಬಿಡು. ಬೈಯೂ ದನಿ ಗಟ್ಟಿ ಐತಿ ಅಂದ್ರ ಕಾಕಾ ಆರಾಮ ಅದಾನ ಅಂತ ತಿಳಕೋತೀನಿ."

ನಾನು ಎದುರು ಮನೆಯವಳು, ಉಪ್ಪಿಗೂ ಬಾರದವಳು. ಕುಪ್ಪಸ ಬಿಗಿ ಮಾಡಿ ಹೊಲಿದು ಕೊಟ್ಟೆ.

ಅಂಥದ್ದರಲ್ಲೂ ಒಂದು ಸಂಬಂಧ ಬಂತು. ಪೇಟೆಯ ಕಡೆ ಮೋಟಾರು ರಿಪೇರಿ ಮಾಡುವ ಗುರುಸಿದ್ಧ. ನಮ್ಮ ಓಣಿಯ ಬೋರಿನ ಮೋಟಾರು ಸುಟ್ಟಾಗ ಬಂದಿದ್ದ. ಕಸ್ತೂರಿ ಕುಡಿಯಲು ನೀರು ಕೊಟ್ಟಿದ್ದಳು. ಮೋಟಾರು ಸರಿಯಾದ ಮೇಲೂ ಅವನು ಎರಡು ಸಲ ಅದನ್ನು ನೋಡಲು ಬಂದ. ಓಡುವ ಮೋಟಾರಿನಲ್ಲಿ ನೋಡುವುದೇನಿರುತ್ತದೆ? ಕಸ್ತೂರಿಯೂ ಆ ಹೊತ್ತಿಗೇ ಅಂಗಳ ಗುಡಿಸುತ್ತಿದ್ದಳು. ಊರು ಆಡುವ ಮಾತು ಅವನ ತಾಯಿಯ ಕಿವಿಗೂ ಬಿದ್ದಿತ್ತು. ಆದರೆ ಅವರ ಪಕ್ಕದ ಮನೆಯ ಮುದುಕಿ ಬಾಳವ್ವ, "ಮಂದಿ ನಾಲಿಗಿಲೇ ನಾವ್ಯಾಕ ಉಣ್ಣೂದು? ಹೋಗಿ ಉಂಡ ನೋಡೂಣು" ಎಂದಳಂತೆ. ಮುಂದಿನ ಸೋಮವಾರ ಬರುತ್ತೇವೆ ಎಂದು ಹೇಳಿ ಕಳಿಸಿದರು. ಕಸ್ತೂರಿಯ ಮುಖದಲ್ಲಿ ಬಹಳ ದಿನದ ಮೇಲೆ ಬಣ್ಣ ಕಂಡೆ.

ಆ ಸೋಮವಾರಕ್ಕೆ ಮೊದಲೇ ಸಂಕಣ್ಣ ಬಿದ್ದ. ಯಾರದೋ ಮನೆಯ ಸೀಮಂತದ ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ, ಮಸಾಲೆ ಮಜ್ಜಿಗೆ ಎಲ್ಲ ಬಾಯಿತುಂಬ ಹೊಡೆದು ಬಂದು, ಮರುದಿನ ನಳದ ಹತ್ತಿರ ಕಣ್ಣುಕತ್ತಲೆ ಬಂದು ಕುಸಿದ. ಮೂಗಿನಲ್ಲಿ ರಕ್ತ ಬಂತು. ಅವನಿಗೆ ಪಿತ್ತ ಎಂದು ಹೇಳಿದರು. ದ್ಯಾಮವ್ವನಿಗೆ ಡಾಕ್ಟರು ಹೇಳಿದ್ದು ಬೇರೆ. ಇನ್ನೊಂದು ಸಲ ಹೀಗೆ ಉಂಡರೆ ಮೂಗಿನಲ್ಲಿ ಬಂದದ್ದು ತಲೆಯೊಳಗೆ ಆಗುತ್ತದೆ ಎಂದರು. ಅದನ್ನು ಅವಳು ಕಸ್ತೂರಿಗೆ ಹೇಳಿದಳು, ಹೇಳಿ ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ಸೋಮವಾರ ಮಾತ್ರ ನೀ ಕೈತುಂಬ ಹಾಕವಾ. ಒಂದ ದಿನಕ್ಕ ಏನಾಗಂಗಿಲ್ಲ. ನಾ ಅವರಿಗೆ ಕಡಿಮಿ ಬಡಸ್ತೀನಿ" ಎಂದಳು. ಯಾರಿಗೆ ಕಡಿಮೆ ಬಡಿಸುತ್ತಾಳೆ? ಬೀಗರ ಜೊತೆಗೆ ಮನೆಯ ಯಜಮಾನ ಉಣ್ಣಲೇಬೇಕು. ಒಂದು ಗಡಿಗೆಗೆ ಒಂದೇ ಸಲ ಉಪ್ಪು, ಅದೂ ಬಂದವರ ಕಣ್ಣೆದುರಿಗೆ. ತಿಂಗಳುಗಟ್ಟಲೆ ಹಸಿದ ನಾಲಿಗೆಗೆ ರುಚಿಯಾದ ಸಾರು ಬಿದ್ದರೆ ಸಂಕಣ್ಣ ಗಡಿಗೆಯನ್ನೇ ಎತ್ತಿ ಕುಡಿಯುತ್ತಾನೆ ಎಂಬುದು ಕಸ್ತೂರಿಗೂ ಗೊತ್ತು, ನನಗೂ ಗೊತ್ತು. ಅತ್ತ ದರಿ, ಇತ್ತ ಪುಲಿ.

ಸೋಮವಾರ ರೊಟ್ಟಿ ಬಡಿಯಲು ದ್ಯಾಮವ್ವ ನನ್ನನ್ನು ಕರೆದಿದ್ದಳು. ಬೀಗರು ಇಂದ್ರವ್ವನ ಮನೆಯಲ್ಲಿ ಚಹಾ ಮುಗಿಸಿ ಬಂದು ಸಾಲಾಗಿ ಕೂತರು. ಗುರುಸಿದ್ಧ, ಅವನ ತಾಯಿ, ಬಾಳವ್ವ. ಅವರ ಪಕ್ಕ ಸಂಕಣ್ಣ. ಅವನು ಒಗೆದ ಅಂಗಿ ತೊಟ್ಟಿದ್ದ, ಹಣೆಗೆ ವಿಭೂತಿ ಹಚ್ಚಿದ್ದ. ಸುಳ್ಳು ಹೇಳಬಾರದು, ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. "ಇವತ್ತರ ಛಲೋ ಹಾಕ್ತಾಳ ನೋಡ್ರಿ. ಈಕಿ ಕೈ ಮೊದಲ ಹೆಂಗಿತ್ತು ಅಂತೀರಿ!" ಎಂದು ಬಾಳವ್ವನಿಗೆ ಹೇಳುತ್ತಿದ್ದ. ಅವನಿಗೆ ಅಂದು ಹಬ್ಬವೇ.

ಕಸ್ತೂರಿ ಉಪ್ಪಿನ ಭರಣಿ ಹಿಡಿದು ಬಂದಳು. ಬೇಳೆ ಸಾರು ಕುದಿಯುತ್ತಿತ್ತು. ಬಾಗಿಲಲ್ಲಿ ಇಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹುಡುಗಿ ಭರಣಿಗೆ ಕೈ ಹಾಕಿ ಮುಷ್ಟಿ ತುಂಬ ತೆಗೆದಳು. ಹಾಕುತ್ತಾಳೆ ಎಂದುಕೊಂಡೆ. ಮನಸ್ಸಿನಲ್ಲಿ ಹಾಕು, ಹಾಕು ಎಂದೆ, ದೇವರು ನನ್ನನ್ನು ಕ್ಷಮಿಸಲಿ. ಅವಳು ಗುರುಸಿದ್ಧನ ಕಡೆ ನೋಡಲಿಲ್ಲ. ಸಂಕಣ್ಣನ ಕಡೆ ನೋಡಿದಳು. ಅವನು ಮಕ್ಕಳ ಹಾಗೆ ತಟ್ಟೆಯಂಚಿಗೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. ಮುಷ್ಟಿಯನ್ನು ಮತ್ತೆ ಭರಣಿಯ ಮೇಲೆ ಹಿಡಿದು ಸಡಿಲಿಸಿದಳು. ಬೆರಳ ತುದಿಯಲ್ಲಿ ಉಳಿದ ಚಿಟಿಕೆಯನ್ನು ಸಾರಿಗೆ ಹಾಕಿ, ಸೌಟಿನಿಂದ ತಿರುವಿ, ಗೋಡೆಗೆ ಒರಗಿ ನಿಂತಳು. ಇಂದ್ರವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದಳು.

ಬಡಿಸಿದೆವು. ಗುರುಸಿದ್ಧನ ತಾಯಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಗುರುಸಿದ್ಧ ಪಾಪ, ಪಂಚಾಮೃತ ಕುಡಿಯುವವನ ಹಾಗೆ ಮುಖ ಮಾಡಿಕೊಂಡು ಕುಡಿದ. ಬಾಳವ್ವ ರೊಟ್ಟಿ ಅದ್ದಿ ಅದ್ದಿ ತಿಂದಳು. ಸಂಕಣ್ಣ ಮಾತ್ರ ಬಟ್ಟಲನ್ನು ದೂಡಿದ. ಆಸೆ ಇಟ್ಟುಕೊಂಡು ಮೋಸಹೋದವನ ಕಣ್ಣಲ್ಲಿ ನೀರೇ ಬಂದಿತ್ತು.

"ನೋಡಿದ್ರೆಲ್ಲ! ಇವತ್ತಿನಂಥಾ ದಿನಾನೂ ಈಕಿ ಕೈ ಬಿಚ್ಚಲಿಲ್ಲ! ನಾ ಏನ ಮಾಡೀನವಾ ನಿನಗ? ಮಗಳು ಅಂದಿದ್ನೆಲ್ಲ, ಅದ ತಪ್ಪಾತೇನು?"

ಕಸ್ತೂರಿ ನೆಲ ನೋಡಿದಳು, ಆಗಲೂ ಬಾಯಿ ಬಿಡಲಿಲ್ಲ. ಆಗ ದ್ಯಾಮವ್ವ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಬಡಿದಳು. ಅವಳ ದನಿ ಇಷ್ಟು ದೊಡ್ಡದಿದೆ ಎಂದು ಅವಳ ಗಂಡನಿಗೇ ಗೊತ್ತಿರಲಿಲ್ಲ.

"ಆಕೀನ್ನ ಬೈಬ್ಯಾಡ್ರಿ! ಆಕಿ ಕೈ ತಡದಾಕಿ ನಾನು. ನಿಮಗ ಬಿ.ಪಿ. ಐತಿ. ಉಪ್ಪು ತಿಂದ್ರ ನಿಮ್ಮಣ್ಣಗ ಆಗಿದ್ದು ನಿಮಗೂ ಆಗತೈತಿ ಅಂತ ಡಾಕ್ಟರ ಹೇಳ್ಯಾರ. ನಿಮಗ ಹೇಳಾಕ ನನ್ನ ಕೈಲೆ ಆಗಲಿಲ್ಲ. ಈ ಹುಡುಗಿ ಕಾಲ ಹಿಡಕೊಂಡೆ. ಆವಾಗಿಂದ ನಿಮ್ಮ ಕಡಿಂದ ಬೈಸಿಕೊಂಡು, ಊರ ಕಡಿಂದ ಅನಸಿಕೊಂಡು, ತಾಯಿ ಅಳೂದು ನೋಡಿಕೊಂಡು ನಿಮ್ಮನ್ನ ಉಳಿಸ್ಯಾಳ. ಇವತ್ತ ಹಾಕಂದ್ರೂ ಹಾಕಲಿಲ್ಲ. ಊರ ಕಟ್ಟ ಮುರದಾಕಿ ನಾನು, ಏನ ಮಾಡ್ತೀರಿ ನನಗ ಮಾಡ್ರಿ!"

ಸಂಕಣ್ಣನ ಮುಖದ ರಕ್ತ ಇಳಿಯಿತು. ಎಡಗೈಯನ್ನು ಮುಂದೆ ಹಿಡಿದು ಒಂದೊಂದೇ ಬೆರಳು ಮಡಚಿದ, ಬಿಚ್ಚಿದ. ಈಗ ಹಾಸಿಗೆ ಹಿಡಿಯುತ್ತಾನೆ ಎಂದು ನಾನು ಚಾಪೆ ಎಲ್ಲಿದೆ ಎಂದು ನೋಡಿದೆ. ಅವನು ಕಸ್ತೂರಿಯ ಕಡೆ ತಿರುಗಿದ. ಮತ್ತೆ ದೂಡಿದ್ದ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಆ ಸಪ್ಪೆ ಸಾರನ್ನು ಕೊನೆಯ ಹನಿಯವರೆಗೆ ಕುಡಿದ. ರೊಟ್ಟಿಯ ತುಂಡಿನಿಂದ ಬಟ್ಟಲನ್ನು ಒರೆಸಿ ಅದನ್ನೂ ತಿಂದ.

ಬಾಳವ್ವ ಕೈ ತೊಳೆದುಕೊಂಡು ಗುರುಸಿದ್ಧನ ತಾಯಿಯ ಕಡೆ ನೋಡಿದಳು. "ಉಪ್ಪು ಹಾಕೂ ಕೈ ಎಲ್ಲಾರ ಮನ್ಯಾಗೂ ಅದಾವು. ತನ್ನ ಬಾಳೇ ಹೋದ್ರೂ ಬ್ಯಾರೇದವರ ಸಲುವಾಗಿ ಹಾಕಲಾರದ ತಡಕೊಳ್ಳೂ ಕೈ ನಾ ಇನ್ನೂತನಾ ನೋಡಿದ್ದಿಲ್ಲ. ನನಗೂ ವಯಸ್ಸಾತು. ನೀ ಏನರ ತಿಳಕೋ, ನನ್ನ ಬಾಜೂಕ ಈ ಹುಡುಗಿ ಇರಬೇಕು."

ಗುರುಸಿದ್ಧನ ತಾಯಿ ಮಗನನ್ನು ನೋಡಿದಳು. ಅವನು ಆಗಲೇ ಎರಡನೆಯ ಸಲ ಸಾರು ಹಾಕಿಸಿಕೊಂಡಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ಎಲಿ ಅಡಕಿ ತರ್ರಿ" ಎಂದಳು. ನಾನು ಹಿಟ್ಟಿನ ಕೈಯಲ್ಲೇ ಇಂದ್ರವ್ವನನ್ನು ಎಬ್ಬಿಸಲು ಹೋದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಂಕಣ್ಣನಿಗೆ ಗಂಟಲು ಮರಳಿ ಬಂತು.

"ಏ, ನಿಲ್ರಿ! ಎಲ್ಲೀದ ಎಲಿ ಅಡಕಿ? ನಾ ಕೊಡಂಗಿಲ್ಲ!" ಎಂದು ಎದ್ದು ನಿಂತ. ಗೋಡೆಯ ಮೇಲಿನ ತಟ್ಟೆಗಳು ನಡುಗಿದವು. ಹೊರಗೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದ ಸದ್ದು ನನಗೆ ಕೇಳಿಸಿತು. "ಆಕೀನ್ನ ನೀವು ಕರಕೊಂಡ ಹ್ವಾದ್ರ ನನಗ ಉಪ್ಪು ಯಾರು ಕಡಿಮಿ ಹಾಕವ್ರು? ಹೇಳ್ರಿ! ಯಾರು ಹಾಕವ್ರು?"

ಎಲ್ಲರೂ ನಕ್ಕರು. ಅವನು ನಗುತ್ತಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತಿದ್ದ, ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಕಸ್ತೂರಿ ಉಪ್ಪಿನ ಭರಣಿಯನ್ನು ಒಲೆಯ ಪಕ್ಕ ಇಟ್ಟಳು. ಅಷ್ಟು ದಿನ ಅಷ್ಟು ಮಾತು ಕೇಳಿಯೂ ಒಂದು ಹನಿ ಕಣ್ಣೀರು ಹಾಕದಿದ್ದವಳು ಸಂಕಣ್ಣನ ತೋಳಿಗೆ ಹಣೆ ಒತ್ತಿ, "ಕಾಕಾ" ಎಂದು ಗಟ್ಟಿಯಾಗಿ ಅತ್ತುಬಿಟ್ಟಳು. ಸುಮ್ಮನಿರು ಎಂದು ಯಾರೂ ಹೇಳಲಿಲ್ಲ.